ನಾಳೆ ಬಾ: ಮುಚ್ಚಿದ ಜಾಲತಾಣಕ್ಕೊಂದು ಫಲಕ

ಎರಡು ವರ್ಷಗಳಿಗೊಮ್ಮೆ ಸಮ್ಮೇಳನದ ನೆಪದಲ್ಲಿ ನಾವೆಲ್ಲರೂ ಒಂದೆಡೆ ಕಲೆಯುತ್ತೇವೆ. ಆ ಸಂದರ್ಭದಲ್ಲಿ ಸ್ಮರಣ ಸಂಚಿಕೆಯ ಈ ಅಂಕಣದ ಮೂಲಕ ತಮ್ಮೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳುವ ಅವಕಾಶ ನನ್ನ ಪಾಲಿಗೆ ಒದಗುತ್ತದೆ. ಹಬ್ಬ ಹರಿದಿನಗಳು, ಮಕ್ಕಳ ಕನ್ನಡ, ಊರಿನಿಂದ ಬಂದ ಹಿರಿಯರು ಇಲ್ಲಿನ ಚಳಿಗಾಲವನ್ನು ಕಳೆಯುವ ಬಗೆ, ಇಂಥ ವಿಷಯಗಳನ್ನೇ ಇದುವರೆಗೆ ಆರಿಸಿಕೊಂಡಿದ್ದ ನಾನು ಈ ಬಾರಿ ಜಾಲತಾಣದ ದುರಸ್ತಿಯ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಸಾಹಿತ್ಯ, ಇತಿಹಾಸಗಳನ್ನು ಓದಿ ಪದವಿ ಪಡೆದ ಗೃಹಿಣಿಗೆ ಗಣಕಯಂತ್ರದ ಉಸಾಬರಿ ಏಕೆ ಎಂದು ಕೇಳಿದರೆ ತಪ್ಪೇನಿಲ್ಲ. ಆದರೆ ನಮ್ಮ ಸಂಘಗಳ ಬದುಕಿನ ಬಹುಪಾಲು ಇಂದು ಜಾಲತಾಣದಲ್ಲಿಯೇ ನಡೆಯುತ್ತಿದೆ. ಆ ಮನೆಯ ಬಾಗಿಲನ್ನು ಕೆಲವು ಗಂಟೆಗಳ ಕಾಲ ಮುಚ್ಚಬೇಕಾಗಿ ಬಂದಾಗ, ಬಂದವರಿಗೆ ಬಾಗಿಲಲ್ಲಿ ಏನು ಹೇಳಬೇಕು ಎಂಬ ಪ್ರಶ್ನೆ ಯಂತ್ರಜ್ಞರದು ಎಷ್ಟೋ, ಮನೆವಾರ್ತೆ ನಡೆಸುವವರದೂ ಅಷ್ಟೇ.

ವಿಷಯದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಜಾಲತಾಣವು ಎಲ್ಲೋ ಒಂದು ಕಟ್ಟಡದೊಳಗೆ, ಹಗಲಿರುಳೂ ವಿದ್ಯುತ್ತನ್ನೂ ತಂಪು ಗಾಳಿಯನ್ನೂ ಬೇಡುವ ಯಂತ್ರವೊಂದರಲ್ಲಿ ನೆಲೆಸಿರುತ್ತದೆ. ಇಂಥ ಯಂತ್ರಗಳ ಕಟ್ಟಡಗಳಿಗೆ ಡೇಟಾ ಸೆಂಟರ್ ಎಂದು ಹೆಸರು. ನಮ್ಮ ನ್ಯೂಜೆರ್ಸಿಯಲ್ಲಿ ಇವುಗಳಿಗೆ ಕೊರತೆಯಿಲ್ಲ. ಸಿಕಾಕಸ್ ಊರಿನಲ್ಲಿ ಇವು ಹಲವಾರಿವೆ. ನ್ಯೂಯಾರ್ಕ್ ಷೇರುಪೇಟೆಯ ಯಂತ್ರಗಳು ಇರುವುದು ಮಾವಾ ಎಂಬಲ್ಲಿ, ನ್ಯಾಸ್ಡಾಕ್ ಪೇಟೆಯವು ಕಾರ್ಟರೆಟ್‌ನಲ್ಲಿ. ಯಂತ್ರದೊಳಗೆ ಕುಳಿತು, ಬಂದವರು ಕೇಳಿದ ಪುಟವನ್ನು ತೆಗೆದುಕೊಡುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎನ್ನುತ್ತಾರೆ. 1995ರಲ್ಲಿ ಹೊರಬಂದ ಅಪಾಚೆ ಮತ್ತು ರಷ್ಯಾದ ಇಗೊರ್ ಸಿಸೋಯೆವ್ ಅವರು 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಇವೆರಡೂ ಈ ಬಗೆಯ ಪ್ರಸಿದ್ಧ ತಂತ್ರಾಂಶಗಳು. ಸಾರ್ವಜನಿಕ ಗ್ರಂಥಾಲಯದಲ್ಲಿ ಮೇಜಿನ ಹಿಂದೆ ಕುಳಿತು, ಕೇಳಿದ ಪುಸ್ತಕವನ್ನು ಒಳಗಿನ ಕಪಾಟಿನಿಂದ ತಂದುಕೊಡುವ ಗುಮಾಸ್ತರನ್ನು ಓದುಗರು ನೆನೆದುಕೊಳ್ಳಲಿ. ಕಪಾಟುಗಳನ್ನು ಸರಿಸಿ ಗೋಡೆಗೆ ಸುಣ್ಣ ಬಳಿಯುವ ದಿನ ಪುಸ್ತಕ ದೊರೆಯುವುದಿಲ್ಲ. ಆದರೂ ಗುಮಾಸ್ತರು ಬಾಗಿಲ ಬಳಿ ಕುಳಿತು ಬಂದವರಿಗೆಲ್ಲ ವಿಷಯ ತಿಳಿಸಿ ಕಳುಹಿಸಬಲ್ಲರು. ಜಾಲತಾಣವನ್ನು ದುರಸ್ತಿಗೆ ಎತ್ತಿಕೊಂಡಾಗ ಸರ್ವರ್ ತೋರಿಸುವ ಒಂದು ಪುಟದ ಕೆಲಸವೂ ಇಷ್ಟೇ. ಅದನ್ನು ಈ ಲೇಖನದಲ್ಲಿ ನಾನು ದುರಸ್ತಿ ಫಲಕವೆಂದು ಕರೆಯುತ್ತೇನೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ಕೇಳುವವರಿಗೆ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಈ ಪ್ರದೇಶದ ಸಂಘವೊಂದರ ತಾಣವು ದುರಸ್ತಿಗೆಂದು ಮೂರು ದಿನ ನಿಂತುಹೋಗಿತ್ತು. ಫಲಕವಿರಲಿಲ್ಲ. ತೆರೆದವರಿಗೆ ಬಿಳಿಯ ಹಾಳೆಯ ಮೇಲೆ ಬ್ರೌಸರ್ ತಾನಾಗಿಯೇ ತೋರಿಸುವ ಒಂದು ಇಂಗ್ಲಿಷ್ ಸಾಲು ಮಾತ್ರ ಕಾಣುತ್ತಿತ್ತು. ಆ ಮೂರು ದಿನಗಳ ನಡುವೆಯೇ ನನಗೆ ಪರಿಚಯವಿದ್ದ ಮನೆಯೊಂದರಲ್ಲಿ, ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಊರಿನಿಂದ ಬಂದಿದ್ದ ಹಿರಿಯರು ರಾತ್ರಿ ನಿದ್ದೆಯಲ್ಲಿಯೇ ತೀರಿಕೊಂಡರು. ಮಗಳು ಅಳಿಯಂದಿರು ಇಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ನಮ್ಮ ಕ್ರಮದಂತೆ ಅಂತ್ಯಕ್ರಿಯೆಗೆ ಅವಕಾಶ ಕೊಡುವ ಸ್ಥಳ ಯಾವುದು, ಪುರೋಹಿತರು ಯಾರು, ಅಸ್ಥಿಯನ್ನು ಊರಿಗೆ ಕೊಂಡೊಯ್ಯಲು ನ್ಯೂಯಾರ್ಕಿನ ಭಾರತೀಯ ದೂತಾವಾಸದಿಂದ ಪಡೆಯಬೇಕಾದ ಕಾಗದಗಳು ಯಾವುವು, ಇವೆಲ್ಲ ಆ ತಾಣದ ಒಂದು ಪುಟದಲ್ಲಿ ಅಚ್ಚುಕಟ್ಟಾಗಿ ಇದ್ದವು. ಬೇಕಾದ ರಾತ್ರಿ ಅದು ಸಿಗಲಿಲ್ಲ. ಸಂಘವೇ ನಿಂತುಹೋಗಿದೆ ಎಂದು ತಿಳಿದು ಅವರು ಬೇರೆಡೆ ವಿಚಾರಿಸತೊಡಗಿದರು. ಮರುದಿನ ಸಂಜೆಯವರೆಗೂ ಕನ್ನಡದವರೊಬ್ಬರು ಅವರ ಮನೆಗೆ ಹೋಗಿರಲಿಲ್ಲ. ಆ ಸಂಘದವರು ನಿರ್ದಯರಲ್ಲ. ಕರೆ ಬಂದಿದ್ದರೆ ಹತ್ತು ಜನ ಓಡಿಹೋಗುತ್ತಿದ್ದರು. ಮುಚ್ಚಿದ ಬಾಗಿಲಿನ ಮೇಲೆ ಒಂದು ದೂರವಾಣಿ ಸಂಖ್ಯೆ ಇರಲಿಲ್ಲ, ಅಷ್ಟೇ.

ದೊಡ್ಡವರ ಬಾಗಿಲುಗಳೂ ಹೀಗೆ ಹೇಳದೆ ಕೇಳದೆ ಮುಚ್ಚಿದ್ದುಂಟು. 2011ರ ಆಗಸ್ಟ್ ತಿಂಗಳಲ್ಲಿ ಐರೀನ್ ಚಂಡಮಾರುತವು ಸಮೀಪಿಸುತ್ತಿದ್ದಾಗ ನ್ಯೂಯಾರ್ಕ್ ನಗರಾಡಳಿತವು ತಗ್ಗು ಪ್ರದೇಶದವರು ಮನೆ ಬಿಡಬೇಕೆಂದು ಆಜ್ಞೆ ಹೊರಡಿಸಿತು. ತಮ್ಮ ಮನೆ ಯಾವ ವಲಯಕ್ಕೆ ಸೇರಿದೆಯೆಂದು ತಿಳಿಯಲು ಜನ ಒಮ್ಮೆಲೇ ನಗರದ ತಾಣಕ್ಕೆ ಮುಗಿಬಿದ್ದರು. ಆ ಭಾರವನ್ನು ತಾಳಲಾರದೆ ತಾಣವೇ ಕುಸಿಯಿತು. ನಕ್ಷೆಯನ್ನು ಬೇರೆ ದಾರಿಗಳಿಂದ ಹಂಚಬೇಕಾಯಿತು.

ಮರುವರ್ಷದ ಸ್ಯಾಂಡಿಯನ್ನು ಈ ಪ್ರದೇಶದಲ್ಲಿ ಯಾರೂ ಮರೆತಿರಲಾರರು. 2012ರ ಅಕ್ಟೋಬರ್ 29ರ ಸಂಜೆ ಅದು ಅಟ್ಲಾಂಟಿಕ್ ಸಿಟಿಯ ಪಕ್ಕದ ಬ್ರಿಗಾಂಟೀನ್ ಬಳಿ ನೆಲವನ್ನು ಮುಟ್ಟಿತು. 2016ರ ಅಕ್ಕ ಸಮ್ಮೇಳನಕ್ಕೆಂದು ನಾವು ಹೋಗಿದ್ದ ಅದೇ ಅಟ್ಲಾಂಟಿಕ್ ಸಿಟಿ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ ನೀರು ಸುಮಾರು 14 ಅಡಿಯ ಮಟ್ಟಕ್ಕೆ ಏರಿತು. ಪೂರ್ವ 13ನೆಯ ಬೀದಿಯ ವಿದ್ಯುತ್ ಉಪಕೇಂದ್ರವು ಜಲಾವೃತವಾಗಿ ನಗರದ ಕೆಳಭಾಗವೆಲ್ಲ ಕತ್ತಲೆಯಲ್ಲಿ ಮುಳುಗಿತು. ವೈಟ್‌ಹಾಲ್ ಬೀದಿಯ 33ನೆಯ ಸಂಖ್ಯೆಯ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿದ್ದರಿಂದ ಅಲ್ಲಿದ್ದ ಡೇಟಾಗ್ರಾಮ್ ಸಂಸ್ಥೆಯ ಯಂತ್ರಗಳು ನಿಂತವು. ಅವುಗಳನ್ನು ಆಶ್ರಯಿಸಿದ್ದ ಹಫಿಂಗ್‌ಟನ್ ಪೋಸ್ಟ್, ಗಾಕರ್, ಬಜ್‌ಫೀಡ್ ಮೊದಲಾದ ಸುದ್ದಿತಾಣಗಳು ಕಣ್ಮರೆಯಾದವು. ಸುದ್ದಿ ಅತ್ಯಂತ ಅಗತ್ಯವಾಗಿದ್ದ ರಾತ್ರಿಯೇ ಸುದ್ದಿಯ ಮನೆಗಳು ಮುಚ್ಚಿದವು. ಗಾಕರ್ ಮತ್ತು ಬಜ್‌ಫೀಡ್ ಬಳಗಗಳು ಟಂಬ್ಲರ್ ಎಂಬ ಬೇರೊಂದು ಸೇವೆಯಲ್ಲಿ ತಾತ್ಕಾಲಿಕ ಬಿಡಾರ ಹೂಡಿ ಬರೆಯತೊಡಗಿದವು.

ಅಲ್ಲಿಂದ ಸ್ವಲ್ಪ ದೂರದ ಬ್ರಾಡ್ ಬೀದಿಯ 75ನೆಯ ಸಂಖ್ಯೆಯ ಕಟ್ಟಡದಲ್ಲಿ ನಡೆದದ್ದು ಇನ್ನೊಂದು ಕಥೆ. ಪಿಯರ್ 1 ಎಂಬ ಸಂಸ್ಥೆಯ ಡೇಟಾ ಸೆಂಟರ್ ಇದ್ದದ್ದು ಅಲ್ಲಿನ 17ನೆಯ ಮಹಡಿಯಲ್ಲಿ. ನೀರು ಅದನ್ನು ಮುಟ್ಟುವಂತಿರಲಿಲ್ಲ. ವಿದ್ಯುತ್ತು ಹೋದರೂ ಜನರೇಟರ್ ಮೇಲೆಯೇ ಇತ್ತು. ಆದರೆ ಅದಕ್ಕೆ ಡೀಸೆಲ್ ಏರಿಸುವ ಪಂಪು ನೆಲಮಾಳಿಗೆಯಲ್ಲಿ ಮುಳುಗಿತ್ತು. ಆಗ ಆ ಸಂಸ್ಥೆಯವರೂ, ಅಲ್ಲಿ ತಮ್ಮ ಯಂತ್ರಗಳನ್ನಿರಿಸಿದ್ದ ಸ್ಕ್ವೇರ್‌ಸ್ಪೇಸ್, ಫಾಗ್ ಕ್ರೀಕ್ ಸಂಸ್ಥೆಗಳವರೂ ಕತ್ತಲೆಯ ಮೆಟ್ಟಿಲುಗಳಲ್ಲಿ ಸಾಲಾಗಿ ನಿಂತು, ಊರಿನಲ್ಲಿ ಬೆಂಕಿ ಬಿದ್ದಾಗ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಬಕೆಟ್ಟುಗಳಲ್ಲಿ ಡೀಸೆಲನ್ನು ಮೇಲಕ್ಕೆ ಸಾಗಿಸಿದರು. ತಮ್ಮ ಗಿರಾಕಿಗಳ ಬಾಗಿಲು ಸುಮ್ಮನೆ ಮುಚ್ಚಿಹೋಗಬಾರದೆಂಬ ಕಾಳಜಿ ಅದರ ಹಿಂದಿತ್ತು.

ಈ ಎರಡು ಕಟ್ಟಡಗಳಿಂದ ನಾವು ಕಲಿಯಬೇಕಾದದ್ದು ಒಂದೇ. ಫಲಕವನ್ನು ಮುಳುಗುವ ಮನೆಯೊಳಗೇ ಇಟ್ಟರೆ ಮನೆಯೊಡನೆ ಅದೂ ಮುಳುಗುತ್ತದೆ. ನಾವೇ ದಿನ ಗೊತ್ತುಮಾಡಿ ನಡೆಸುವ ದುರಸ್ತಿಗೆ ನಮ್ಮ ಸರ್ವರಿನಲ್ಲಿ ಇಟ್ಟ ಫಲಕ ಸಾಕು. ದೇವರು ಗೊತ್ತುಮಾಡಿದ ದುರಸ್ತಿಗೆ ಅದರ ಇನ್ನೊಂದು ಪ್ರತಿ ಬೇರೆ ಊರಿನ ಬೇರೆ ಯಂತ್ರದಲ್ಲಿ ಸಿದ್ಧವಾಗಿರಬೇಕು.

ದುರಸ್ತಿ ಎಂಬುದೇ ಕೆಲವೊಮ್ಮೆ ವಿಪತ್ತಾಗುವುದನ್ನೂ ಮರೆಯಬಾರದು. 2013ರ ಆಗಸ್ಟ್ 14ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣವು ಸುಮಾರು ಎರಡು ಗಂಟೆಗಳ ಕಾಲ ನಿಂತಿತು. ಪೂರ್ವನಿಯೋಜಿತ ನಿರ್ವಹಣಾ ಕಾರ್ಯದ ಬೆನ್ನಲ್ಲಿಯೇ ಹೀಗಾಯಿತೆಂದು ಪತ್ರಿಕೆಯವರು ತಿಳಿಸಿದರು. ಅಲ್ಲಿಯವರೆಗೆ ಕೆಲವು ವರದಿಗಳನ್ನು ಫೇಸ್‌ಬುಕ್ಕಿನಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡವರ ಪಾಡೇ ಹೀಗಾದರೆ, ವಾರಾಂತ್ಯದ ಬಿಡುವಿನಲ್ಲಿ ಸ್ವಯಂಸೇವಕರು ನಡೆಸುವ ನಮ್ಮ ತಾಣಗಳ ಪಾಡೇನು?

ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಸಂಘದ ತಾಣವನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸಬೇಕಾಯಿತು. ಯಂತ್ರದ ಕೆಲಸವನ್ನು ಇಲ್ಲಿಯೇ ಹುಟ್ಟಿ ಬೆಳೆದ ಉತ್ಸಾಹಿ ತರುಣನೊಬ್ಬ ವಹಿಸಿಕೊಂಡ. ಫಲಕದ ಕನ್ನಡವನ್ನು ಬರೆದುಕೊಡುವ ಹೊಣೆ ನನ್ನದಾಯಿತು. "ಆಂಟಿ, ಈ ಪೇಜನ್ನ ಎರಡು ಥರದವರು ಓದ್ತಾರೆ. ಒಬ್ಬರು ಮನುಷ್ಯರು, ಇನ್ನೊಬ್ಬರು ಮಷೀನು. ಮಷೀನಿಗೆ ನಾನು ಹೇಳ್ತೀನಿ, ಮನುಷ್ಯರಿಗೆ ನೀವು ಹೇಳಿ" ಎಂದ. ಇದು ನನಗೆ ಹೊಸ ವಿಚಾರವಾದ್ದರಿಂದ ಬಿಡಿಸಿ ಹೇಳಲು ಕೇಳಿಕೊಂಡೆ.

ಬ್ರೌಸರಿಗೂ ಸರ್ವರಿಗೂ ನಡುವಿನ ಸಂಭಾಷಣೆಗೆ ಎಚ್‌ಟಿಟಿಪಿ ಎಂಬ ನಿಯಮಾವಳಿಯಿದೆ. ಸರ್ವರ್ ಪ್ರತಿಯೊಂದು ಪುಟದೊಡನೆ ನಮ್ಮ ಕಣ್ಣಿಗೆ ಕಾಣದ ಮೂರಂಕಿಯ ಒಂದು ಸಂಖ್ಯೆಯನ್ನೂ ಕಳುಹಿಸುತ್ತದೆ. 200 ಎಂದರೆ ಎಲ್ಲವೂ ಸರಿ. 404 ಎಂದರೆ ಇಂಥ ಪುಟ ಇಲ್ಲಿಲ್ಲ. 503 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ. ಟಿಮ್ ಬರ್ನರ್ಸ್-ಲೀ ಮೊದಲಾದವರು 1996ರ ಮೇ ತಿಂಗಳಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿಯೇ ಈ 503 ಇದೆ. ಅದರ ಜೊತೆಗೆ ರಿಟ್ರೈ-ಆಫ್ಟರ್ ಎಂಬ ಸೂಚನೆಯನ್ನೂ ಕಳುಹಿಸಬಹುದು. ಎಷ್ಟು ಸೆಕೆಂಡುಗಳ ನಂತರ, ಅಥವಾ ಯಾವ ದಿನ ಯಾವ ಹೊತ್ತಿಗೆ ಮರಳಿ ಬರಬೇಕೆಂದು ಅದು ಹೇಳುತ್ತದೆ. ಮೂರು ಗಂಟೆಯ ದುರಸ್ತಿಗೆ 10,800 ಎಂದು ಬರೆದರಾಯಿತು.

ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ರಾತ್ರಿಯ ಹೊತ್ತು ದೆವ್ವವೊಂದು ಮನೆಮನೆಗೆ ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆಂಬ ಪುಕಾರು ಹಬ್ಬಿ, ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. ಗೂಗಲ್ ಮೊದಲಾದ ಹುಡುಕುಯಂತ್ರಗಳ ದೂತರೂ ಹೀಗೆಯೇ ಹಗಲಿರುಳೂ ಎಲ್ಲ ತಾಣಗಳ ಬಾಗಿಲುಗಳನ್ನು ತಟ್ಟುತ್ತ ತಿರುಗುತ್ತಿರುತ್ತಾರಂತೆ. ಫಲಕವನ್ನು 200 ಎಂಬ ಸಂಖ್ಯೆಯೊಡನೆ ತೋರಿಸಿದರೆ, ಸಂಘದ ಪುಟಗಳಲ್ಲಿ ಇರುವುದೆಲ್ಲ ದುರಸ್ತಿಯ ಮಾತೇ ಎಂದು ಆ ದೂತರು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಸಂಘದ ಹೆಸರನ್ನು ಹುಡುಕಿದವರಿಗೆ ಆ ಮಾತೇ ಸಿಗುತ್ತದೆ. 404 ಎಂದರೆ ಪುಟವೇ ಇಲ್ಲವೆಂದು ಪಟ್ಟಿಯಿಂದ ಕೈಬಿಡುವ ಸಂಭವವಿದೆ. 503 ಎಂದು ಹೇಳಿದರೆ ಮಾತ್ರ ಹಳೆಯ ಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು ಮತ್ತೆ ಬರುತ್ತಾರೆ. ಆದರೆ ದೆವ್ವಕ್ಕೂ ಗೂಗಲಿಗೂ ಒಂದು ವ್ಯತ್ಯಾಸವುಂಟು. ದೆವ್ವ ಎಷ್ಟು ದಿನ ಬೇಕಾದರೂ ನಂಬಿತು. ಗೂಗಲ್ ಕೆಲವು ದಿನ ಮಾತ್ರ ನಂಬುತ್ತದೆ. ದಿನಗಟ್ಟಲೆ 503 ಎಂದೇ ಹೇಳುತ್ತಿದ್ದರೆ ಪುಟಗಳನ್ನು ಪಟ್ಟಿಯಿಂದ ತೆಗೆಯತೊಡಗುತ್ತದೆ.

ಇನ್ನು ಫಲಕವನ್ನು ತೂಗುಹಾಕುವ ಕ್ರಮ. ಬೇರೆ ಸಂಘಗಳ ಕಾರ್ಯಕರ್ತರಿಗೂ ಪ್ರಯೋಜನವಾದೀತೆಂದು, ಆ ತರುಣನಿಂದ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಫಲಕವು ಒಂದೇ ಕಡತವಾಗಿರಬೇಕು. ಅದರ ಬಣ್ಣ, ವಿನ್ಯಾಸ, ಚಿತ್ರ ಎಲ್ಲವೂ ಆ ಕಡತದೊಳಗೇ ಅಡಕವಾಗಿರಬೇಕು. ದುರಸ್ತಿಯ ವೇಳೆಯಲ್ಲಿ ಸರ್ವರ್ ಪ್ರತಿಯೊಂದು ಬೇಡಿಕೆಗೂ ಫಲಕವನ್ನೇ ಉತ್ತರವಾಗಿ ಕೊಡುವುದರಿಂದ, ಫಲಕವು ಹೊರಗಿನ ಚಿತ್ರವೊಂದನ್ನು ಬೇಡಿದರೆ ಅದಕ್ಕೂ ಫಲಕವೇ ಬಂದು ಚಿತ್ರದ ಜಾಗ ಒಡೆದು ಕಾಣುತ್ತದೆ. ಕಡತವನ್ನು ತಾಣದ ಉಳಿದ ಪುಟಗಳಿಂದ ದೂರ, ಬೇರೊಂದು ಕೋಶದಲ್ಲಿ ಇಡಬೇಕು.

ಎರಡನೆಯದು ಕನ್ನಡಿಗರಿಗೇ ವಿಶೇಷವಾದದ್ದು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶವು 1998ರಲ್ಲಿ ಬಂದಾಗ ನಾವೆಲ್ಲ ಸಂಭ್ರಮಿಸಿದ್ದೆವು. ಆ ಕಾಲದಲ್ಲಿ ಒಂದೊಂದು ಫಾಂಟಿಗೂ ಒಂದೊಂದು ಸಂಕೇತ. ಓದುವವರ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಕನ್ನಡವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. 1991ರಿಂದಲೇ ಕನ್ನಡವನ್ನು ಒಳಗೊಂಡಿದ್ದ ಯೂನಿಕೋಡ್ ಎಲ್ಲೆಡೆ ಬಳಕೆಗೆ ಬಂದಮೇಲೆ ಆ ಕಷ್ಟ ತೀರಿದೆ. ಆದರೂ ಫಲಕದ ತಲೆಯಲ್ಲಿ ಇದು ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸದಿದ್ದರೆ ಹಳೆಯ ಗೋಳು ಮರಳಬಹುದು. ಅಲಂಕಾರದ ಫಾಂಟುಗಳನ್ನು ಸರ್ವರಿನಿಂದ ತರಿಸುವ ಆಸೆಯನ್ನೂ ಬಿಡಬೇಕು. ಓದುಗರ ಯಂತ್ರದಲ್ಲಿರುವ ಕನ್ನಡ ಅಕ್ಷರವೇ ಸಾಕು.

ಮೂರನೆಯದು ಸರ್ವರಿಗೆ ಕೊಡುವ ನಿಯಮ. ನಿರ್ದಿಷ್ಟ ಹೆಸರಿನ ಒಂದು ಖಾಲಿ ಕಡತವು ನಿರ್ದಿಷ್ಟ ಜಾಗದಲ್ಲಿ ಇದ್ದರೆ ಬಂದವರಿಗೆಲ್ಲ 503 ಎಂಬ ಸಂಖ್ಯೆಯೊಡನೆ ಫಲಕವನ್ನು ತೋರಿಸು, ಇಲ್ಲದಿದ್ದರೆ ಎಂದಿನಂತೆ ನಡೆದುಕೋ ಎಂದು ಮೊದಲೇ ಬರೆದಿಡಬೇಕು. ಅಪಾಚೆಯಲ್ಲಿ ಒಂದು ಬಗೆ, ಎಂಜಿನ್‌ಎಕ್ಸ್‌ನಲ್ಲಿ ಇನ್ನೊಂದು ಬಗೆ, ತತ್ತ್ವ ಒಂದೇ. ಆಮೇಲೆ ಆ ಖಾಲಿ ಕಡತವನ್ನು ಸೃಷ್ಟಿಸಿದರೆ ಫಲಕ ತೂಗುಹಾಕಿದಂತೆ, ಅಳಿಸಿದರೆ ಇಳಿಸಿದಂತೆ. ನಿಯಮವನ್ನು ಜಾರಿಗೊಳಿಸುವ ಮುನ್ನ ಅದರಲ್ಲಿ ಕಾಗುಣಿತದ ದೋಷವಿದೆಯೇ ಎಂದು ಪರೀಕ್ಷಿಸಲು ಎರಡೂ ತಂತ್ರಾಂಶಗಳಲ್ಲಿ ಆಜ್ಞೆಯಿದೆ. ಈ ನಿಯಮದ ರಚನೆ ಹಗಲಿನಲ್ಲಿ, ತಲೆ ತಣ್ಣಗಿರುವಾಗ ಆಗಬೇಕೇ ಹೊರತು ನಡುರಾತ್ರಿಯಲ್ಲಿ ಅಲ್ಲ.

ನಾಲ್ಕನೆಯದಾಗಿ, ಒಳಗೆ ಕೆಲಸ ಮಾಡುವವರ ಯಂತ್ರಗಳಿಗೆ ವಿನಾಯಿತಿ ಕೊಟ್ಟಿರಬೇಕು. ಇಲ್ಲದಿದ್ದರೆ ಸುಣ್ಣ ಬಳಿಯುವವರೇ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ. ಬ್ರೌಸರುಗಳು ಫಲಕವನ್ನು ನೆನಪಿನಲ್ಲಿ ಉಳಿಸಿಕೊಳ್ಳಬಾರದೆಂಬ ಸೂಚನೆಯನ್ನೂ ಸೇರಿಸಬೇಕು. ಬಾಗಿಲು ತೆರೆದ ಮೇಲೂ ಕೆಲವರಿಗೆ ಹಳೆಯ ಫಲಕವೇ ಕಾಣುತ್ತಿದ್ದರೆ ಅದು ಸುಳ್ಳಾಗುತ್ತದೆ. ಟಿಕೆಟ್ ಮಾರಾಟವಿದ್ದಲ್ಲಿ ಒಂದು ಗಂಟೆ ಮೊದಲೇ ಅದನ್ನು ನಿಲ್ಲಿಸಬೇಕು; ಹಣ ಪಾವತಿಯ ನಡುವೆ ಯಾರ ಮುಖಕ್ಕೂ ಬಾಗಿಲು ಹಾಕಬಾರದು.

ಐದನೆಯದು ಮನೆ ಬದಲಿಸುವವರಿಗೆ ಮಾತ್ರ. ತಾಣವು ಹೊಸ ಯಂತ್ರಕ್ಕೆ ಹೋದಾಗ ಅದರ ಹೊಸ ವಿಳಾಸ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ತಿಳಿಯುವುದಿಲ್ಲ. ಕೆಲವು ಗಂಟೆಗಳ ಕಾಲ ಕೆಲವರು ಹಳೆಯ ಮನೆಗೂ ಕೆಲವರು ಹೊಸ ಮನೆಗೂ ಹೋಗುತ್ತಿರುತ್ತಾರೆ. ಆದ್ದರಿಂದ ಫಲಕವು ಎರಡೂ ಬಾಗಿಲುಗಳ ಮೇಲಿರಬೇಕು.

ಯಂತ್ರದ ಮಾತು ಇಲ್ಲಿಗೆ ಮುಗಿಯಿತು. ಮನುಷ್ಯರಿಗೆ ಹೇಳಬೇಕಾದ ಮಾತಿನ ಬಗ್ಗೆ ಕಾರ್ಯಕಾರಿ ಸಮಿತಿಯಲ್ಲಿ ನಡೆದ ಚರ್ಚೆ ಇದಕ್ಕಿಂತಲೂ ದೀರ್ಘವಾಗಿತ್ತು. "ರಾತ್ರಿ ಒಂದು ಗಂಟೆಗೆ ಯಾರಮ್ಮ ನೋಡ್ತಾರೆ? ಅಂಡರ್ ಮೇಂಟೆನೆನ್ಸ್ ಅಂತ ಹಾಕಿದರೆ ಸಾಕು" ಎಂದರು ಕಾರ್ಯದರ್ಶಿಗಳು. ಇಲ್ಲಿನ ಅಂಗಡಿಗಳ ಮಟ್ಟಿಗೆ ಆ ಮಾತು ನಿಜವಿರಬಹುದು. ಕನ್ನಡ ಸಂಘದ ಮಟ್ಟಿಗೆ ನಿಜವಲ್ಲ. ಬೇಸಿಗೆಯ ಕಾಲಮಾನದಲ್ಲಿ ಇಲ್ಲಿ ರಾತ್ರಿ ಒಂದು ಗಂಟೆಯಾದಾಗ ಮೈಸೂರಿನಲ್ಲಿ ಬೆಳಿಗ್ಗೆ ಹತ್ತೂವರೆ. ತಿಂಡಿ ಮುಗಿಸಿದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕಾರ್ಯಕ್ರಮದ ಚಿತ್ರಗಳನ್ನು ನೋಡಲು ಕೂರುವ ಹೊತ್ತು ಅದು. ಆದ್ದರಿಂದ ಫಲಕದಲ್ಲಿ ಎರಡು ದೇಶಗಳ ವೇಳೆಯೂ ಇರಬೇಕೆಂದು ನಾನು ವಾದಿಸಿದೆ. ರಾಜ್ಯೋತ್ಸವದ ಆಸುಪಾಸಿನಲ್ಲಿ ದುರಸ್ತಿ ಇಟ್ಟುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ನವೆಂಬರಿನ ಮೊದಲ ಭಾನುವಾರ ಇಲ್ಲಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಆ ರಾತ್ರಿ ಒಂದೂವರೆ ಗಂಟೆ ಎರಡು ಸಲ ಬರುತ್ತದೆ!

ದೂರವಾಣಿ ಸಂಖ್ಯೆಯ ವಿಷಯದಲ್ಲಿ ಚರ್ಚೆ ಕಾವೇರಿತು. ನಡುರಾತ್ರಿಯಲ್ಲಿ ಕರೆಯನ್ನು ಸ್ವೀಕರಿಸುವವರು ಯಾರು? ಬೇಡದ ಕರೆಗಳು ಬಂದರೆ ಗತಿಯೇನು? ಅವು ನ್ಯಾಯವಾದ ಪ್ರಶ್ನೆಗಳೇ. ನಾನು ಮೇಲೆ ಹೇಳಿದ ಹಿರಿಯರ ಸಾವಿನ ಪ್ರಸಂಗವನ್ನು ಸಭೆಯ ಮುಂದಿಟ್ಟೆ. ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಆ ಮೂರು ಗಂಟೆಗಳ ಕಾಲ ಸಂಘದ ದೂರವಾಣಿ ನನ್ನ ಬಳಿ ಇರಬೇಕೆಂದು ತೀರ್ಮಾನವಾಯಿತು. ಫಲಕದ ಪಾಠವನ್ನು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಇಟ್ಟೆವು. ಕನ್ನಡ ಹೀಗಿತ್ತು:

"ನಮಸ್ಕಾರ. ನಮ್ಮ ಜಾಲತಾಣವನ್ನು ಹೊಸ ಯಂತ್ರಕ್ಕೆ ಸಾಗಿಸುತ್ತಿದ್ದೇವೆ. ಭಾನುವಾರ ಬೆಳಗಿನ ಜಾವ 1ರಿಂದ 4 ಗಂಟೆಯವರೆಗೆ (ಭಾರತದಲ್ಲಿ ಭಾನುವಾರ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1.30ರವರೆಗೆ) ಬಾಗಿಲು ಹಾಕಿರುತ್ತದೆ. ನೀವು ಕೊಂಡ ಟಿಕೆಟುಗಳೂ ಕೊಟ್ಟ ವಿವರಗಳೂ ಭದ್ರವಾಗಿವೆ. ಸಾವು, ಆಸ್ಪತ್ರೆ, ಮತ್ತಾವುದೇ ಸಂಕಟವಿದ್ದರೆ ಕೆಳಗಿನ ಸಂಖ್ಯೆಗೆ ಈಗಲೇ ಕರೆ ಮಾಡಿ. ಕನ್ನಡ ಮಾತನಾಡುವವರು ಉತ್ತರಿಸುತ್ತಾರೆ. ಪ್ರಾಣಾಪಾಯವಿದ್ದರೆ ಮೊದಲು 911."

ಆ ರಾತ್ರಿ ಎರಡು ಕರೆಗಳು ಬಂದವು. ಮೊದಲನೆಯದು ಮೈಸೂರಿನಿಂದ, ವಯಸ್ಸಾದ ಮಹನೀಯರದು. "ಅಮ್ಮಾ, ಮೊಮ್ಮಗಳ ಡ್ಯಾನ್ಸಿನ ಫೋಟೋ ನೋಡೋಣ ಅಂತ ಕೂತಿದ್ದೆ. ಒಂದೂವರೆಗೆ ತೆಗೀತೀರಿ ಅಂತ ಬರೆದಿದ್ದೀರಿ. ಊಟ ಮಾಡಿ ಬರ್ತೀನಿ, ಅದನ್ನೇ ಹೇಳೋಣ ಅಂತ ಫೋನ್ ಮಾಡಿದೆ" ಎಂದರು. ಸಂಕಟದ ಕರೆಯಲ್ಲದಿದ್ದರೂ, ನಾನು ಬರೆದ ಕನ್ನಡವನ್ನು ಒಬ್ಬರಾದರೂ ಪೂರ್ತಿಯಾಗಿ ಓದಿದರೆಂಬ ಸಂತೋಷವಾಯಿತು.

ಎರಡನೆಯ ಕರೆ ಎರಡೂವರೆಯ ಸುಮಾರಿಗೆ, ಆಸ್ಪತ್ರೆಯೊಂದರ ತುರ್ತು ವಿಭಾಗದಿಂದ ಬಂತು. ಮಾತನಾಡಿದ ಹೆಣ್ಣುಮಗಳು ಕನ್ನಡದವಳಲ್ಲ. ಪತಿ ಕೆಲಸದ ಮೇಲೆ ವಿಮಾನದಲ್ಲಿದ್ದಾರೆ; ಊರಿನಿಂದ ಬಂದಿರುವ ಅತ್ತೆಯವರಿಗೆ ಹೊಟ್ಟೆನೋವು; ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು; ಆಸ್ಪತ್ರೆಯವರು ಕನ್ನಡದ ದುಭಾಷಿಗಾಗಿ ಪ್ರಯತ್ನಿಸುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಸಂಘದ ತಾಣದಲ್ಲಿ ಯಾರದಾದರೂ ಹೆಸರು ಸಿಗಬಹುದೆಂದು ತೆರೆದವಳಿಗೆ ಕಂಡದ್ದು ನಮ್ಮ ಫಲಕ. ದೂರವಾಣಿಯನ್ನು ಅತ್ತೆಯವರ ಕೈಗೆ ಕೊಡಿಸಿಕೊಂಡೆ. "ಎಲ್ಲಿ ನೋವಮ್ಮ? ಯಾವಾಗಿನಿಂದ?" ಎಂದು ಕೇಳುತ್ತಿದ್ದಂತೆ ಆಕೆ, "ಅಯ್ಯೋ ತಾಯಿ, ಕನ್ನಡದವರಾ?" ಎಂದು ಅತ್ತುಬಿಟ್ಟರು. ದುಭಾಷಿ ದೊರೆಯುವವರೆಗೆ ಮುಕ್ಕಾಲು ಗಂಟೆ ನಾನು ಅವರಿಗೂ ವೈದ್ಯರಿಗೂ ನಡುವೆ ಮಾತನ್ನು ದಾಟಿಸುತ್ತಿದ್ದೆ. ಪಿತ್ತಕೋಶದ ಕಲ್ಲಿನ ತೊಂದರೆಯೆಂದು ಗೊತ್ತಾಗಿ ಚಿಕಿತ್ಸೆಯಾಯಿತು. ವಾರದೊಳಗೆ ಆಕೆ ಮನೆಗೆ ಬಂದರು.

ಅಷ್ಟರಲ್ಲಿ ನಮ್ಮ ತರುಣನ ಕೆಲಸವೂ ಮುಗಿದಿತ್ತು. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಅವನು ಆ ಖಾಲಿ ಕಡತವನ್ನು ಅಳಿಸಿದ. ಮನೆಯ ಸಂಪರ್ಕವನ್ನು ಬಿಟ್ಟು ಮೊಬೈಲ್ ಫೋನಿನಲ್ಲಿಯೂ ತಾಣವನ್ನು ತೆರೆದು, ಸಂಖ್ಯೆ 503ರಿಂದ 200ಕ್ಕೆ ಬಂದಿರುವುದನ್ನು ಖಚಿತಪಡಿಸಿಕೊಂಡ. ಮೈಸೂರಿನ ಅಜ್ಜನವರು ಊಟ ಮುಗಿಸಿ ಬಂದು ಮೊಮ್ಮಗಳ ಚಿತ್ರಗಳನ್ನು ನೋಡಿರಬೇಕು.

ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ನನ್ನದೊಂದು ವಿನಂತಿ. ತಾವೆಲ್ಲರೂ ಒಂದಲ್ಲ ಒಂದು ಸಂಘಕ್ಕೆ ಸೇರಿದವರು. ಪ್ರತಿಯೊಂದು ಸಂಘಕ್ಕೂ ತಾಣವಿದೆ. ಪ್ರತಿಯೊಂದು ತಾಣವೂ ಒಂದು ದಿನ ನಿಲ್ಲುತ್ತದೆ. ಊರಿಗೆ ಮರಳಿದ ಮೇಲೆ ತಮ್ಮ ಸಂಘದ ಫಲಕ ಸಿದ್ಧವಿದೆಯೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ, ಯಂತ್ರಕ್ಕೆ ಹೇಳುವ ಕೆಲಸವನ್ನು ತರುಣರಿಗೆ ಬಿಟ್ಟು, ಮನುಷ್ಯರಿಗೆ ಹೇಳಬೇಕಾದ ನಾಲ್ಕು ಸಾಲುಗಳನ್ನು ತಾವೇ ಕುಳಿತು ಬರೆಯಿರಿ. ಬಾಗಿಲು ಏಕೆ ಹಾಕಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಅಲ್ಲಿಯವರೆಗೆ ಯಾರನ್ನು ಕೂಗಬೇಕು ಎಂಬ ಮೂರು ಮಾತು ಅದರಲ್ಲಿರಲಿ. ಅದರ ಒಂದು ಪ್ರತಿಯನ್ನು ನೀರು ಏರದ ಜಾಗದಲ್ಲಿ ಇಡಲು ಮರೆಯಬೇಡಿ. ಆ ಸಂಖ್ಯೆಗೆ ಕರೆ ಬಂದಾಗ ಉತ್ತರಿಸಲು ಒಬ್ಬರು ಎಚ್ಚರವಾಗಿರುವಂತೆಯೂ ನೋಡಿಕೊಳ್ಳಿ. ನಡುರಾತ್ರಿಯ ಕರೆಗೆ ಉತ್ತರಿಸಲು ಗಣಕಶಾಸ್ತ್ರವೇನೂ ಬೇಕಿಲ್ಲ, ಕನ್ನಡ ಬಂದರೆ ಸಾಕು.